ಒಂದೋ, ಎರಡೋ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಸಂಶೀರನ ಅಂಗಡಿ.
ಒಂದು ಕೈಯಲ್ಲಿ ಹೆಡ್‌ಫೋನು, ಇನ್ನೊಂದರಲ್ಲಿ
ಸುಣ್ಣದ ಡಬ್ಬಿಯಷ್ಟು ಇಯರ್‌ಬಡ್ಸು.
“ತಲೆಗೆ ಒಂದೋ ಅಕ್ಕಾ, ಕಿವಿಗೆ ಎರಡೋ?”
ಬಳೆಗಾರನ ಹಾಗೆ ರಾಗ ಎಳೆಯುತ್ತಾನೆ.

ಮೊದಲು ಒಂದು.
ತಲೆಗೇರಿಸಿ ಗುಂಡಿ ಒತ್ತಿದ್ದೇ ತಡ
ವಿರಾಜಪೇಟೆ ಬಸ್ಸು ಬೆಕ್ಕಿನ ಹೆಜ್ಜೆಯಲ್ಲಿ ಹೋಯಿತು.
ಕಂಡಕ್ಟರನ ಕೆನ್ನೆ ಉಬ್ಬಿತು, ಸೀಟಿ ಬರಲಿಲ್ಲ.
ಮೀನಿನವನು ಮತ್ತಿ, ಮತ್ತಿ ಎಂದು
ಬರೀ ತುಟಿಯಲ್ಲೇ ಮಾರುತ್ತಿದ್ದ.
ಪೂರ್ತಿ ಮೌನವೇನಲ್ಲ ಅದು;
ಖಾಲಿ ನೀರಿನ ಟ್ಯಾಂಕಿನೊಳಗೆ ತಲೆ ಹಾಕಿದರೆ
ಕೇಳುತ್ತದಲ್ಲ, ಅಂಥದೊಂದು ಗುಂಯ್.

ನನಗೆ ಬೇಕಾದದ್ದೂ ಅದೇ.
ಪೊನ್ನಂಪೇಟೆಯ ನನ್ನ ಕೋಣೆಗೂ ಹಲ್ಲರ್ ಮಿಲ್ಲಿಗೂ
ಒಂದೇ ಗೋಡೆ.
ಜನವರಿ ಬಂತೆಂದರೆ ಕಾಫಿಯ ಹೊಟ್ಟು ಉಗುಳುತ್ತ
ಹಗಲಿಡೀ ಅರಚುತ್ತದೆ.
ಈಚೆ ನಾನು, ಮೈಸೂರಿನ ಎದೆ ಡಾಕ್ಟರ ದನಿಯನ್ನು
ಟೈಪು ಮಾಡಿ ಪುಟಕ್ಕೆ ಹದಿನಾಲ್ಕು ರೂಪಾಯಿ ಎಣಿಸುವವಳು.
ಎಡ ಶ್ವಾಸಕೋಶದಲ್ಲಿ ನೆರಳಿದೆ ಎಂದರೋ
ನೆರಳಿಲ್ಲ ಎಂದರೋ?
ಒಂದು ‘ಇಲ್ಲ’ ಮಿಲ್ಲಿನ ಪಾಲಾದರೆ
ಯಾರದೋ ಮನೆ ರಾತ್ರಿಯಿಡೀ ನಿದ್ದೆಗೆಡಬೇಕು.

ಆದರೆ ಭಾರ.
ಓಲೆಯ ತಿರುಪು ಚುಚ್ಚುತ್ತದೆ,
ಕನ್ನಡಕದ ಕಡ್ಡಿ ನೆತ್ತರು ಕಟ್ಟಿಸುತ್ತದೆ,
ಎರಡು ಗಂಟೆ ಕಳೆದರೆ ಕಿವಿ
ಹಬೆಗಿಟ್ಟ ಕಡಂಬುಟ್ಟು.

ಬಡ್ಸೋ, ಹಗುರ. ಇರುವುದೇ ಮರೆತುಹೋಗುತ್ತದೆ.
ಮರೆತದ್ದೇ ಕೇಡು.
ನನ್ನ ಎಡಗಿವಿಯ ಬಾಯಿ ಹುಟ್ಟಿನಿಂದ ಸೊಟ್ಟ;
ಹೋದ ವರ್ಷದ ಜೋಡಿಯಲ್ಲೊಂದು ಜಾರಿ
ಕಣದಲ್ಲಿ ಒಣಗಲು ಹರಡಿದ್ದ ಪಾರ್ಚ್‌ಮೆಂಟಿನಲ್ಲಿ ಬಿತ್ತು.
ಚಿಕ್ಕಪ್ಪನೂ ನಾನೂ ಮೊಣಕಾಲೂರಿ
ಕತ್ತಲಾಗುವವರೆಗೆ ಕಾಳು ಕೆದಕಿದೆವು.
ಚೀಲ ಸೇರಿತೋ, ಹಡಗು ಹತ್ತಿತೋ,
ಯಾವ ದೇಶದಲ್ಲಿ ಹುರಿದರೋ ಅದನ್ನು.

“ಎರಡೂ ಒಯ್ಯಿರಿ. ಸೋಮವಾರ ಒಂದು ವಾಪಸು ಕೊಡಿ,”
ಅಂದ ಸಂಶೀರ.

ಭಾನುವಾರ ಸಂಜೆ. ಮಿಲ್ಲಿಗೆ ರಜೆ.
ಆದರೂ ಹೆಡ್‌ಫೋನ್ ಏರಿಸಿಯೇ ಕೂತಿದ್ದೆ;
ಮೌನದ ರುಚಿಯೂ ನಾಲಿಗೆಗೆ ಹತ್ತುತ್ತದೆ.
ಡಾಕ್ಟರು ಎರಡು ವಾಕ್ಯದ ನಡುವೆ ಉಸಿರೆಳೆದರು.
ಬೆಲ್ಲದ ಕಾಫಿಯ ಮೇಲೆ ಒಂದು ಬಳೆ,
ಅಥವಾ ಬಳೆಯೊಳಗೊಂದು ಬಳೆ, ಮೂಡಿ
ಲೋಟದ ಅಂಚಿಗೆ ತಾಗಿ ಅಳಿಸಿಹೋಯಿತು.
ನಾಯಿ ಮಂಚದಡಿಗೆ ನುಗ್ಗಿತು.

ಕೋವಿ!
ಕಿತ್ತು ಕಿವಿಗೊಡುವಷ್ಟರಲ್ಲಿ
ಉಳಿದದ್ದು ಕಾಗೆಗಳ ಗದ್ದಲ ಮಾತ್ರ.

ನಮ್ಮಲ್ಲಿ ಒಂದು ಗುಂಡಾದರೆ ಹುಟ್ಟು,
ಎರಡಾದರೆ ಸಾವು.
ಮೇಲಿನ ಮನೆಯ ಕುಟ್ಟಪ್ಪಜ್ಜ ಪುತ್ತರಿಯಿಂದ ಹಾಸಿಗೆಯಲ್ಲಿ.
ಅದೇ ಮನೆಯ ಸೊಸೆ ನಿಶ್ಮಾ ನಿನ್ನೆಯಿಂದ ಆಸ್ಪತ್ರೆಯಲ್ಲಿ.
ಗಂಡಾದರೆ ಮಾತ್ರ ಎಂಬುದು ಹಿಂದಿನ ಲೆಕ್ಕ;
ಹೆಣ್ಣಾದರೂ ಹಾರಿಸುತ್ತೇನೆಂದು ಅಜ್ಜನೇ ಮಾತು ಕೊಟ್ಟಿದ್ದ.
ನಾನು ಹುಟ್ಟಿದ ದಿನವೋ
ಯಾರೂ ಯಾವ ಗುಂಡಿಯನ್ನೂ ಒತ್ತದೆಯೇ
ಊರು ತಾನಾಗಿ ನಿಶ್ಶಬ್ದವಾಗಿತ್ತು.

ಬೀರುವಿನ ಮುಂದೆ ನಿಂತೆ.
ಬಿಳಿ ಸೀರೆಯ ಮೇಲೊಂದು ಕೈ, ಹಸಿರಿನ ಮೇಲೊಂದು.
ಫೋನು ಮಾಡಿ ಕೇಳುವ ಮಾತೇ ಇದು,
ಎಷ್ಟು ಹಾರಿಸಿದಿರಿ ಎಂದು?

ನೈಟಿಯ ಮೇಲೆ ಸ್ವೆಟರ್ ಎಳೆದುಕೊಂಡು ಗೇಟಿಗೆ ಬಂದರೆ
ಸ್ಕೂಟರಿನಲ್ಲಿ ಮಂದಣ್ಣ, ಆ ಮನೆಯ ಬೇಲಿಗೇ
ಬೇಲಿ ಹೊಂದಿದವನು. ಸದ್ಯ, ಬದುಕಿದೆ ಅಂದುಕೊಂಡೆ.
ಅವನು ಹೆಲ್ಮೆಟ್ ತೆಗೆದ.
ಬಲಗಿವಿಯಿಂದ ಒಂದು ಬಡ್ ಕಿತ್ತ,
ಎಡಗಿವಿಯಿಂದ ಇನ್ನೊಂದು.
ಎರಡನ್ನೂ ಅಂಗೈಯಲ್ಲಿ ಮುಚ್ಚಿಕೊಂಡು,
ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ,
“ಒಂದೋ, ಎರಡೋ?” ಅಂದ.

ಒಳಗೆ, ಮಂಚದ ಕೆಳಗೆ,
ಸರಿಯಾಗಿ ಎಣಿಸಿದ್ದ ನಾಯಿ
ಇನ್ನೂ ಹೊರಗೆ ಬಂದಿರಲಿಲ್ಲ.